ಪಂಚೆ ಬೆಳ್ಳಗಿತ್ತು

ಮದುವೆ ಆಲ್ಬಂ ಕೊಡುವ ವಿಷಯದಲ್ಲಿ ನಮ್ಮ ಕಸುಬಿನವರಿಗೆ ಒಳ್ಳೆಯ ಹೆಸರಿಲ್ಲ. ಮದುವೆಯ ಆಲ್ಬಂ ನಾಮಕರಣದ ಹೊತ್ತಿಗೆ ಬರುತ್ತದೆ, ನಾಮಕರಣದ್ದು ಮಗು ಶಾಲೆಗೆ ಹೋಗುವ ಹೊತ್ತಿಗೆ ಎಂದು ನಮ್ಮ ಸಾಗರದ ಕಡೆ ಜನ ಮುಖಕ್ಕೇ ಹೇಳುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಅದರಲ್ಲಿ ಸುಳ್ಳೇನೂ ಇಲ್ಲವಲ್ಲ. ಆದರೆ 2024ರ ಆ ಒಂದು ಆಲ್ಬಂ ತಡವಾದದ್ದು ಮಾತ್ರ ನನ್ನ ಸೋಮಾರಿತನದಿಂದಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ನಂಬುವವರು ಸಿಗಬೇಕಷ್ಟೆ.

ಆಷಾಢ ಎಂದರೆ ಫೋಟೋದವರಿಗೆ ಬಿಡುವು ಎಂದು ಎಲ್ಲರ ಎಣಿಕೆ. ಮುಹೂರ್ತಗಳಿಲ್ಲ, ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೊಂದರಂತೆ ತೆಗೆದು ರಾಶಿ ಹಾಕಿದ ಮದುವೆಗಳ ಡಿಸೈನು ಮುಗಿಯಬೇಕಾದದ್ದು ಆಗಲೇ. ಹೊರಗೆ ಮಳೆ ಒಂದೇ ಸಮ ಹೊಯ್ಯುತ್ತಿರುತ್ತದೆ. ಲೆನ್ಸುಗಳೆಲ್ಲ ಬೂಷ್ಟು ಹಿಡಿಯದ ಹಾಗೆ, ಸಣ್ಣ ಬಲ್ಬು ಉರಿಯುವ ಮರದ ಪೆಟ್ಟಿಗೆಯೊಳಗೆ ಬೆಚ್ಚಗೆ ಮಲಗಿರುತ್ತವೆ. ನಾನು ಕಂಬಳಿ ಹೊದ್ದು ಕಂಪ್ಯೂಟರಿನ ಮುಂದೆ ಕೂತಿರುತ್ತೇನೆ.

ಆ ರಾತ್ರಿ ಹನ್ನೊಂದರ ಸುಮಾರಿಗೆ ಧಾರೆಯ ಶೀಟಿಗೆ ಬಂದಿದ್ದೆ. ಮೂವತ್ತೆರಡು ಶೀಟಿನ ಆಲ್ಬಮಿನಲ್ಲಿ ಜನ ನಿಂತು ನೋಡುವುದು ಅದೊಂದನ್ನೇ. ಮಿಕ್ಕವು ತಮ್ಮ ತಮ್ಮ ಮುಖ ಹುಡುಕುವುದಕ್ಕೆ. ಹುಡುಗಿಯ ಮುಖ ಹಿಗ್ಗಿಸಿ, ಬಾಸಿಂಗದ ನೆರಳು ಹುಬ್ಬಿನ ಮೇಲೆ ಬಿದ್ದದ್ದನ್ನು ತಿದ್ದೋಣ ಎಂದು ಹೊರಟರೆ, ಎಡಗೆನ್ನೆಯ ಮೇಲೆ, ಮೂಗುಬೊಟ್ಟಿನ ಪಕ್ಕದಲ್ಲೇ, ಹಸಿರು ಚೌಕಗಳು. ಎಲೆಹಸಿರಲ್ಲ, ಹಳೇ ಟಿ.ವಿ. ಕೆಟ್ಟಾಗ ಬರುತ್ತಿತ್ತಲ್ಲ, ಆ ಹಸಿರು. ಒಂದೊಂದೂ ಹೆಬ್ಬೆರಳಿನುಗುರಿನಷ್ಟು, ಯಾರೋ ಅಳತೆ ಹಿಡಿದು ಅಂಟಿಸಿದಂತೆ ಸಾಲಾಗಿ ನಾಲ್ಕು, ಕೆಳಗೆ ಎರಡು. ಚಿತ್ರ ಚಿಕ್ಕದು ಮಾಡಿದೆ, ಮಾಯ. ದೊಡ್ಡದು ಮಾಡಿದೆ, ಈ ಸಲ ಚೌಕಗಳು ಧಾರೆ ಎರೆಯುತ್ತಿದ್ದ ಅಪ್ಪನ ಕೈಮೇಲೆ. ಪಕ್ಕಕ್ಕೆ ಸರಿಸಿದರೆ ಪುರೋಹಿತರ ಹೆಗಲ ಮೇಲೆ, ಜನಿವಾರಕ್ಕೆ ಅಡ್ಡಲಾಗಿ.

ಇಂಥ ಹೊತ್ತಿನಲ್ಲಿ ಮೊದಲು ಬರುವುದು ಯೋಚನೆಯಲ್ಲ, ಬೆವರು. ಫೋಟೋವೇ ಕೆಟ್ಟುಹೋಗಿದ್ದರೆ? ಧಾರೆಯನ್ನು ಇನ್ನೊಮ್ಮೆ ಎರೆಸಲು ಬರುತ್ತದೆಯೆ? ಹೆಂಡತಿಯ ಮೊಬೈಲು ಚಾರ್ಜಿಗೆ ಹಾಕಿದ್ದನ್ನು ಕಿತ್ತುಕೊಂಡು, ಅದೇ ಫೋಟೋವನ್ನು ಅದಕ್ಕೆ ಕಳಿಸಿ ತೆರೆದೆ. ಹುಡುಗಿಯ ಗಲ್ಲ ಗಲ್ಲದ ಹಾಗೇ ಇತ್ತು. ಚೌಕವಿಲ್ಲ, ಚುಕ್ಕೆಯಿಲ್ಲ. “ಯಾರದ್ರೀ ಅದು ಇಷ್ಟೊತ್ತಲ್ಲಿ?” ಎಂದು ಒಳಗಿಂದ ಕೇಳಿದಳು. ಮದುಮಗಳು ಎಂದೆ. ಮತ್ತೆ ಮಾತಿಲ್ಲ.

ಹಾಗಾದರೆ ಚಿತ್ರಕ್ಕೇನೂ ಆಗಿಲ್ಲ, ತೋರಿಸುವವನಿಗೆ ಏನೋ ಆಗಿದೆ. ಅಷ್ಟು ತಿಳಿದದ್ದೇ ಸಮಾಧಾನವಾಗಿ, ಕಂಪ್ಯೂಟರ್ ಆರಿಸಿ ಮಲಗಿದೆ. ಈಗ ನೆನೆದರೆ ಆ ಸಮಾಧಾನದ ಮೇಲೆ ನನಗೆ ಸಿಟ್ಟು ಬರುತ್ತದೆ.

ತೋರಿಸುವವನು ಎಂದೆನಲ್ಲ, ಅವನ ಕೆಲಸ ಸಣ್ಣದೇನಲ್ಲ. ನಮ್ಮ ಆಲ್ಬಮಿನ ಒಂದು ಶೀಟು 12 ಇಂಚು ಎತ್ತರ, 36 ಇಂಚು ಅಗಲ. ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೆ 3,600ಕ್ಕೆ 10,800. ಗುಣಿಸಿದರೆ 3 ಕೋಟಿ 88 ಲಕ್ಷ 80 ಸಾವಿರ ಚುಕ್ಕೆ. ನನ್ನ ಮಾನಿಟರಿನಲ್ಲಿರುವುದು 1,920ಕ್ಕೆ 1,080, ಅಂದರೆ 20 ಲಕ್ಷ 73 ಸಾವಿರದ 600. ಶೀಟು ಪರದೆಗಿಂತ ಹದಿನೆಂಟೂ ಮುಕ್ಕಾಲು ಪಾಲು ದೊಡ್ಡದು. ಇಡೀ ಊರನ್ನು ಕಿಟಕಿಯೊಂದರಲ್ಲಿ ತೋರಿಸುವ ಕೆಲಸ. ಅದೂ ಸೆಕೆಂಡಿಗೆ 60 ಸಲ. ನಾನು ಇಲಿ ಅಲ್ಲಾಡಿಸಿದಾಗಲೆಲ್ಲ ಯಾವ ಚುಕ್ಕೆ ಕಾಣಬೇಕು, ಯಾವುದು ಬೇಡ, ನಾಲ್ಕು ಚುಕ್ಕೆ ಒಂದಾಗುವಾಗ ಬಣ್ಣ ಏನಾಗಬೇಕು ಎಂದು ಯಾರೋ ಕೂತು ಲೆಕ್ಕ ಹಾಕಬೇಕು. ಸಾಫ್ಟ್‌ವೇರು ಚಿತ್ರವನ್ನು ಹೆಂಚಿನ ಹಾಗೆ ತುಂಡು ತುಂಡು ಮಾಡಿಟ್ಟುಕೊಂಡು, ಬೇಕಾದ ಹೆಂಚುಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡುತ್ತದೆ. ಕಾರ್ಡು ಅವನ್ನು ಪರದೆಯ ಮೇಲೆ ಹೊದಿಸುತ್ತದೆ. ಒಂದು ಹೆಂಚು ಹೆಚ್ಚುಕಡಿಮೆಯಾದರೆ ಅಲ್ಲೊಂದು ಚೌಕ.

ಮೊದಲು ಈ ಕೆಲಸಕ್ಕೆ ಕಾರ್ಡನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಕಲಿತದ್ದು ಫೋಟೋಶಾಪ್ 7.0ದಲ್ಲಿ. ಮೊಡವೆಯ ಮೇಲೆ ಒಮ್ಮೆ ಒತ್ತಿದರೆ ಮೊಡವೆಯೇ ಇಲ್ಲವಾಗುವ ಹೀಲಿಂಗ್ ಬ್ರಶ್ 2002ರಲ್ಲಿ ಬಂದದ್ದು ಅದರಲ್ಲೇ. ಆ ಸಿಡಿ ಜಿಲ್ಲೆಯ ಎಲ್ಲ ಸ್ಟುಡಿಯೋಗಳಲ್ಲೂ ಇತ್ತು. ಎಲ್ಲಿಂದ ಬಂತೆಂದು ಯಾರೂ ಯಾರನ್ನೂ ಕೇಳಲಿಲ್ಲ. ಆಗ ಲೆಕ್ಕವೆಲ್ಲ ಪ್ರೊಸೆಸರಿನದು. ಕಾರ್ಡು ಎಂಬುದು ಆಟವಾಡುವ ಹುಡುಗರ ಸೊತ್ತು. 1999ರಲ್ಲಿ ಎನ್‌ವಿಡಿಯಾದವರು ಜೀಫೋರ್ಸ್ 256 ತಂದು ಅದನ್ನು ಜಿಪಿಯು ಎಂದು ಕರೆದದ್ದೂ ಆಟಗಳ ಸಲುವಾಗಿಯೇ. 2008ರ ಸಿಎಸ್4ರಿಂದ ಫೋಟೋಶಾಪ್ ತೋರಿಸುವ ಕೆಲಸದಲ್ಲಿ ಕಾರ್ಡಿನ ಕೈ ಹಿಡಿಯಿತು. ಹಾಳೆ ತಿರುಗಿಸಿ ಬರೆಯುವಂತೆ ಚಿತ್ರವನ್ನೇ ಓರೆಯಾಗಿ ತಿರುಗಿಸಿ ತಿದ್ದಲು ಬಂದದ್ದು ಆಗ. ಬಂದೂಕು ಹಿಡಿದು ಓಡುವ ಸೈನಿಕನನ್ನು ತೋರಿಸಲೆಂದು ಹುಟ್ಟಿದ ಯಂತ್ರ, ನಮ್ಮೂರಿನ ಮದುಮಗಳನ್ನು ತೋರಿಸಲು ಬಂದು ನಿಂತದ್ದು ಹೀಗೆ.

ಬೆಳಿಗ್ಗೆ ಕಂಪ್ಯೂಟರ್ ಹುಡುಗನಿಗೆ ಫೋನ್ ಮಾಡಿದೆ. ನಮ್ಮಲ್ಲಿ ಆ ಉಕ್ಕಿನ ಡಬ್ಬಕ್ಕೆ ಸಿಪಿಯು ಎಂದೇ ಹೆಸರು. ಅದು ತಪ್ಪು ಎಂದು ಅವನು ಹತ್ತು ವರ್ಷದಿಂದ ಹೇಳುತ್ತಾನೆ, ಹತ್ತು ವರ್ಷದಿಂದ ತಾನೂ ಹಾಗೇ ಅನ್ನುತ್ತಾನೆ. ರೇನ್‌ಕೋಟಿನ ನೀರು ಜಗಲಿಯಲ್ಲಿ ಕೊಡವಿ, ಸಿಪಿಯು ಮಗ್ಗುಲು ಬಿಚ್ಚಿದ. ಒಳಗೆ ಕಾರ್ಡಿನ ಬೆನ್ನಿಗೆ ಅಂಟಿದಂತೆ ಎರಡು ಬಿಳಿಯ ಮೊಟ್ಟೆ, ಬಟಾಣಿ ಗಾತ್ರದವು. ಹಲ್ಲಿಯವು. ಮಳೆಗಾಲದಲ್ಲಿ ಊರಿಗೆಲ್ಲ ಬೆಚ್ಚಗಿರುವ ಜಾಗ ಅದೊಂದೇ ಎಂದು ಅದಕ್ಕೂ ಗೊತ್ತಾಗಿದೆ. “ಇದೇ ಕಾರಣವೇನೋ?” ಎಂದೆ. “ಇದು ಬಾಣಂತನ ಅಣ್ಣ, ಕಾರಣ ಬೇರೆ ಇರ್ತದೆ” ಎಂದು, ಮೊಟ್ಟೆಗಳನ್ನು ಕಾಗದದಲ್ಲಿ ಎತ್ತಿ ಕಿಟಕಿಯ ಸಂದಿಯಲ್ಲಿಟ್ಟ. ಕಾರ್ಡು ಕಿತ್ತು, ಜೇಬಿನಿಂದ ಶಾಲೆ ಮಕ್ಕಳ ರಬ್ಬರು ತೆಗೆದು ಅದರ ಚಿನ್ನದ ಹಲ್ಲುಗಳನ್ನು ಉಜ್ಜಿದ. ಊದಿದ. ಮತ್ತೆ ಸಿಕ್ಕಿಸಿದ. ಎಷ್ಟು ವಿದ್ಯೆ ಬಂದರೂ ಈ ರಬ್ಬರು ಹೋಗಿಲ್ಲ, ಹೋಗುವುದೂ ಬೇಡ. ನಮ್ಮ ತೇವದ ಊರಿನಲ್ಲಿ ಹತ್ತಕ್ಕೆ ನಾಲ್ಕು ರೋಗ ಅದರಿಂದಲೇ ವಾಸಿಯಾಗುತ್ತವೆ. ಇದು ಆ ನಾಲ್ಕರಲ್ಲಿ ಬರಲಿಲ್ಲ.

ಆಮೇಲೆ ಅವನು ಮಾಡಿದ ಪರೀಕ್ಷೆ ನನಗೆ ಹಿಡಿಸಿತು. ಚೌಕಗಳು ಕಾಣುತ್ತಿರುವಾಗಲೇ ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಒತ್ತಿ, ಆ ಸ್ಕ್ರೀನ್‌ಶಾಟನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ತೆರೆದ. ಅಲ್ಲೂ ಚೌಕ. “ನಿಮ್ಮ ಮಾನಿಟರ್ ಪಾಪದ್ದು, ಕೇಬಲ್ಲೂ ಪಾಪದ್ದು” ಎಂದ. ಮಾನಿಟರಿಗೆ ಹೋಗುವ ಮೊದಲೇ ಸಿದ್ಧವಾದ ಚಿತ್ರದ ನಕಲು ಅದು. ನಕಲಿನಲ್ಲೇ ದೋಷ ಇದ್ದರೆ ಅದು ಹುಟ್ಟಿದ್ದು ಕಾರ್ಡಿನೊಳಗೆ ಇಲ್ಲವೇ ಅದರ ಡ್ರೈವರಿನಲ್ಲಿ. ನಕಲಿನಲ್ಲಿ ಇಲ್ಲದೆ ಪರದೆಯಲ್ಲಿ ಮಾತ್ರ ಕಂಡಿದ್ದರೆ ಕೇಬಲ್ಲು, ಮಾನಿಟರು ನೋಡಬೇಕಿತ್ತು. ಇಪ್ಪತ್ತು ವರ್ಷದಿಂದ ಕ್ಯಾಮೆರಾ ಹಿಡಿದವನು ನಾನು. ಪರದೆಯನ್ನೂ ಅದರ ನಕಲನ್ನೂ ಪಕ್ಕಪಕ್ಕ ಇಟ್ಟು ರೋಗ ಹಿಡಿಯಬಹುದು ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ.

ಕೇಬಲ್ಲಿನ ಮಾತು ಬಂದಾಗ ಅವನು ಸ್ವಲ್ಪ ನಕ್ಕ. ಯಾಕೆಂದು ನನಗೆ ಗೊತ್ತು. ಈ ಕಾರ್ಡು ತಂದ ಹೊಸತರಲ್ಲಿ ಎಂಟು ತಿಂಗಳು ಮಾನಿಟರಿನ ಕೇಬಲ್ಲನ್ನು ನಾನು ಕಾರ್ಡಿಗೆ ಹಾಕದೆ, ಹಳೆಯ ಜಾಗದಲ್ಲೇ, ಮದರ್‌ಬೋರ್ಡಿನ ತೂತಿಗೇ ಸಿಕ್ಕಿಸಿಟ್ಟಿದ್ದೆ. ಹೊಸ ಎತ್ತು ಕೊಟ್ಟಿಗೆಯಲ್ಲಿ ಮೇಯುತ್ತಿತ್ತು, ಮುದಿ ಎತ್ತೇ ನೊಗ ಹೊತ್ತಿತ್ತು. ಅಷ್ಟೂ ದಿನ ನಾನು ಬಂದವರಿಗೆಲ್ಲ, ಕಾರ್ಡು ಹಾಕಿದ ಮೇಲೆ ಎಷ್ಟು ಸಲೀಸು ನೋಡಿ ಎಂದು ತೋರಿಸಿದ್ದೆ. ಅವರೂ ಹೌದೆಂದಿದ್ದರು.

ಆ ಕಾರ್ಡಿನದೊಂದು ಪೂರ್ವಾಶ್ರಮ ಇದೆ. ಕೊರೊನಾ ಕಾಲದಲ್ಲಿ ಕಾರ್ಡುಗಳಿಗೆ ಬಂಗಾರದ ಬೆಲೆ ಬಂದಿತ್ತು; ಅವುಗಳಿಂದ ಕ್ರಿಪ್ಟೋ ನಾಣ್ಯ ಗಣಿ ತೋಡುವವರು ಹೊರೆಗಟ್ಟಲೆ ಕೊಳ್ಳುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಈಥಿರಿಯಂ ತನ್ನ ಪದ್ಧತಿಯನ್ನೇ ಬದಲಿಸಿತು, ಆ ನಾಣ್ಯಕ್ಕೆ ಕಾರ್ಡುಗಳ ಅಗತ್ಯವೇ ತಪ್ಪಿತು. ದುಡಿದು ದಣಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನನಗೆ ಸಿಕ್ಕಿದ್ದು ಅಂಥದ್ದೇ. ಮಾರಿದವನು ಮುಚ್ಚಿಡಲಿಲ್ಲ, “ಮೈನಿಂಗಲ್ಲಿತ್ತು ಸರ್, ಅದಕ್ಕೇ ಈ ರೇಟು” ಎಂದ. ಮನೆಗೆ ಬಂದು ಹಾಗೇ ಹೇಳಿದೆ. ಮಾವನವರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, “ಬಳ್ಳಾರಿಯದಾ?” ಎಂದರು. ಅವರ ಮುಖದಲ್ಲಿ ನಗೆ ಇರಲಿಲ್ಲ. ಗಣಿಯಿಂದ ಬಂದ ಮಾಲು ಎಂದ ಮೇಲೆ ಅದು ಮನೆಗೆ ಆಗಿಬರುವುದಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಈಗ ಚೌಕ ಕಾಣಿಸಿಕೊಂಡ ಮೇಲೆ ಅವರು ಏನೂ ಹೇಳಲಿಲ್ಲ, ಸುಮ್ಮನೆ ಎಲೆಯಡಿಕೆ ಹಾಕಿಕೊಂಡರು. ಹೇಳಿದ್ದರೇ ಚೆನ್ನಾಗಿತ್ತು.

ಹುಡುಗ ಫೋಟೋಶಾಪಿನ ಪ್ರಿಫರೆನ್ಸಿಗೆ ಹೋಗಿ, ಪರ್ಫಾರ್ಮೆನ್ಸ್ ಎಂಬಲ್ಲಿ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಎಂಬ ಸಾಲಿನ ಮುಂದಿನ ಟಿಕ್ಕು ತೆಗೆದ. ಮುಚ್ಚಿ ತೆರೆದ. ಚೌಕ ಹೋಯಿತು! ಕಾಫಿ ಬಂತು. ಆದರೆ ಟಿಕ್ಕಿಲ್ಲದ ಬಾಳು ಎಂಥದೆಂದು ಮಧ್ಯಾಹ್ನದೊಳಗೆ ತಿಳಿಯಿತು. ಬ್ರಶ್ಶು ಎಳೆದರೆ ಗೆರೆ ಹಿಂದಿನಿಂದ ನಡೆದು ಬರುತ್ತದೆ, ಜಾತ್ರೆಯಲ್ಲಿ ಅಮ್ಮನ ಸೆರಗು ಹಿಡಿದ ಮಗುವಿನ ಹಾಗೆ. ಹಿಗ್ಗಿಸಿದರೆ ಚಿತ್ರ ಮೆಟ್ಟಿಲಿಳಿದಂತೆ ದಡದಡ ಹಿಗ್ಗುತ್ತದೆ. ಓರೆಯಾಗಿ ತಿರುಗಿಸುವ ಸುಖವಂತೂ ಇಲ್ಲವೇ ಇಲ್ಲ. ಸಂಜೆ ಮತ್ತೆ ಟಿಕ್ಕು ಹಾಕಿ, ಅದರೊಳಗೇ ಇದ್ದ ಅಡ್ವಾನ್ಸ್ಡ್, ನಾರ್ಮಲ್, ಬೇಸಿಕ್ ಎಂಬ ಮೂರು ಮೆಟ್ಟಿಲಲ್ಲಿ ಕೆಳಗಿನದಕ್ಕೆ ಇಳಿಸಿದೆವು. ಚೌಕ ಆರರಿಂದ ಎರಡಕ್ಕೆ ಇಳಿಯಿತು. ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒಟ್ಟಿಗೆ ಒತ್ತಿಹಿಡಿದು ಫೋಟೋಶಾಪ್ ತೆರೆದು, ಅದರ ಹಳೆಯ ನೆನಪನ್ನೆಲ್ಲ ಅಳಿಸಿದೆವು. ನನ್ನ ಹತ್ತು ವರ್ಷದ ಶಾರ್ಟ್‌ಕಟ್ಟುಗಳು ಹೋದವು, ಚೌಕ ಉಳಿಯಿತು. ಡ್ರೈವರನ್ನು ಬೇರುಸಹಿತ ಕಿತ್ತು ಹೊಸದು ಹಾಕಿದ್ದಾಯಿತು, ಹೊಸದು ಕಿತ್ತು ಹಳೆಯದು ಹಾಕಿದ್ದಾಯಿತು.

ಮೂರನೆಯ ದಿನ ಪರದೆ ಒಮ್ಮೆಲೇ ಕಪ್ಪಾಗಿ, ಮತ್ತೆ ಬೆಳಕಾಗಿ, ಡಿಸ್‌ಪ್ಲೇ ಡ್ರೈವರು ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂದು ಮೂಲೆಯಲ್ಲಿ ಬರೆದುಕೊಂಡು ಬಂತು. ವಿಂಡೋಸ್ ಕಾರ್ಡಿಗೆ ಕೊಡುವ ಗಡುವು ಎರಡು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಕಾರ್ಡು ಮೂರ್ಛೆ ಹೋಗಿದೆ ಎಂದು ತಿಳಿದು ಅದಕ್ಕೆ ನೀರು ತಟ್ಟಿ ಎಬ್ಬಿಸುತ್ತದೆ. ನನಗೂ ಮನೆಯಲ್ಲಿ ಗಡುವು ಇದೆ. ಅದಕ್ಕಿಂತ ಒಂದು ಸೆಕೆಂಡು ಹೆಚ್ಚು. ಆಮೇಲೆ ಚೌಕಗಳು ಫೋಟೋಶಾಪ್ ಬಿಟ್ಟು ಡೆಸ್ಕ್‌ಟಾಪಿಗೂ ಬಂದವು, ಕಂಪ್ಯೂಟರ್ ಶುರುವಾಗುವಾಗಿನ ಕಪ್ಪು ಪರದೆಯ ಮೇಲೂ ಬಂದವು. ಅಲ್ಲಿಗೆ ಸಾಫ್ಟ್‌ವೇರು ಬಿಡುಗಡೆಯಾಯಿತು. ಹುಡುಗ ಬೆರಳು ತೋರಿಸಿ “ಇದರ ಮೆಮೊರಿ ಹೋಗಿದೆ ಅಣ್ಣ” ಎಂದ. ಮಾವನವರು ತಮ್ಮ ವಿಷಯವೇನೋ ಎಂದು ತಲೆಯೆತ್ತಿ ನೋಡಿದರು.

ಹೊಸ ಕಾರ್ಡು ಬಂತು. ಸಣ್ಣದು, ಆದರೆ ಪೆಟ್ಟಿಗೆ ಒಡೆಯದ್ದು. ಬಂದದ್ದೇ ಬಂತು, ಎಲ್ಲ ಶುಚಿಯಾಗಲಿ ಎಂದು ಹುಡುಗ ಫಾರ್ಮ್ಯಾಟ್ ಹೊಡೆದ. ಫಾರ್ಮ್ಯಾಟ್ ಮುಗಿಯುವವರೆಗೆ ಪಕ್ಕದಲ್ಲಿ ಕೂತವನಿಗೆ ಮಾಡಲು ಏನೂ ಇರುವುದಿಲ್ಲ, ಬೇಡದ್ದೆಲ್ಲ ನೆನಪಾಗುತ್ತದೆ. ಫೋಟೋಶಾಪಿಗೆ ಹುಟ್ಟಿದಾಗ ಇಟ್ಟ ಹೆಸರು ‘ಡಿಸ್‌ಪ್ಲೇ’. 1987ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಥಾಮಸ್ ನೋಲ್, ಬರೀ ಕಪ್ಪು ಚುಕ್ಕೆ, ಬಿಳಿ ಚುಕ್ಕೆ ಬಿಟ್ಟರೆ ಬೇರೇನೂ ತೋರಿಸಲಾರದ ತನ್ನ ಮ್ಯಾಕಿಂಟಾಷ್ ಪ್ಲಸ್ಸಿನಲ್ಲಿ ನಡುವಿನ ಬೂದು ಛಾಯೆಗಳೂ ಕಾಣಲಿ ಎಂದು ಬರೆದದ್ದು ಅದು. ತೋರಿಸುವುದಷ್ಟೇ ಅದರ ಉದ್ದೇಶ. ತಿದ್ದುವುದು ಆಮೇಲೆ, ತಮ್ಮ ಜಾನ್ ಸೇರಿಕೊಂಡ ಮೇಲೆ ಬೆಳೆಯಿತು. 1990ರಲ್ಲಿ ಅಡೋಬಿ ಅದನ್ನು ಈಗಿನ ಹೆಸರಲ್ಲಿ ಮಾರಿತು. ಆ ಅಣ್ಣತಮ್ಮಂದಿರ ಅಪ್ಪನಿಗೆ ಮನೆಯ ನೆಲಮಾಳಿಗೆಯಲ್ಲಿ ಒಂದು ಡಾರ್ಕ್‌ರೂಮ್ ಇತ್ತು; ಥಾಮಸ್ ಕೈಪಳಗಿಸಿಕೊಂಡದ್ದು ಅಲ್ಲಿ. ಇದನ್ನು ಓದಿದಾಗ ನನಗೆ ಅವನು ನಮ್ಮ ಪೈಕಿಯವನೇ ಅನ್ನಿಸಿತ್ತು.

ಹೊಸ ಕಾರ್ಡಿನ ಮೊದಲ ದಿನ ಇನ್ನೊಂದು ಗಾಬರಿ. ಮುಖಪುಟದ ಮೇಲಿನ ‘ಲಕ್ಷ್ಮೀ ವೆಂಕಟೇಶ ಪ್ರಸನ್ನ’ ಎಂಬುದು ‘ಲಕ್‌ಷ್‌ಮೀ ವೆಂಕಟೇಶ ಪ್‌ರಸನ್‌ನ’ ಎಂದು ಬಿಡಿಬಿಡಿಯಾಗಿ ನಿಂತಿತ್ತು. ಇದೂ ಕಾರ್ಡೇ ಎಂದು ಕೂಗಿದೆ. ಕಾರ್ಡಿಗೂ ಒತ್ತಕ್ಷರಕ್ಕೂ ಏನೂ ಸಂಬಂಧವಿಲ್ಲ. ನನ್ನಲ್ಲಿದ್ದ ಫೋಟೋಶಾಪನ್ನು ಹೊಸದಾಗಿ ಹಾಕಿದಾಗ, ಟೈಪ್ ಎಂಬಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬುದನ್ನು ಆರಿಸದಿದ್ದರೆ ಅದಕ್ಕೆ ಕನ್ನಡದ ಒತ್ತು ಕೊಡಲು ಬರುತ್ತಿರಲಿಲ್ಲ, ಅಷ್ಟೇ. ಒಮ್ಮೆ ಕಳ್ಳನೆಂದು ಹೆಸರು ಬಿದ್ದ ಮೇಲೆ ಊರಿನ ಕೋಳಿ ಕಳೆದದ್ದಕ್ಕೆಲ್ಲ ಅವನೇ ಹೊಣೆ.

ಇನ್ನು ಮುಖ್ಯದ್ದು. ಚೌಕ ಹೋಯಿತು, ಒತ್ತಕ್ಷರ ಕೂತಿತು, ಬ್ರಶ್ಶು ಹೇಳಿದಂತೆ ಕೇಳಿತು. ಆಲ್ಬಂ ಮೊದಲಿನಿಂದ ತೆರೆದು ಕೂತೆ. ಅರಿಶಿನ ಶಾಸ್ತ್ರದ ಶೀಟುಗಳು ಸ್ವಲ್ಪ ಹೆಚ್ಚೇ ಹಳದಿ ಅನ್ನಿಸಿದವು. ಅರಿಶಿನ ಹಚ್ಚಿದ ಮೇಲೆ ಹಳದಿಯಾಗದೆ ಇರುತ್ತದೆಯೆ? ಮುಂದೆ ಹೋದೆ. ಮಂಟಪದ್ದೂ ಹಳದಿ. ಅದಕ್ಕೂ ಕಾರಣ ಸಿದ್ಧವಿತ್ತು: ಅಂಗಳಕ್ಕೆ ಹಾಕಿಸಿದ್ದ ಶಾಮಿಯಾನದ ಬಟ್ಟೆ ಹಳದಿ. ಬಿಸಿಲು ಆ ಬಟ್ಟೆಯಿಂದ ಸೋಸಿ ಬಂದರೆ ಮುಖಗಳೆಲ್ಲ ಮಾಗಿದ ಬಾಳೆಹಣ್ಣಾಗುವುದು ಫೋಟೋದವನಿಗೆ ಹೊಸತಲ್ಲ. ಸರಿ, ಹಳದಿ ಇಳಿಸಿ ನೀಲಿ ಏರಿಸಿದೆ. ವರನ ಪಂಚೆ ನನ್ನ ಕಣ್ಣಿಗೆ ಬೆಳ್ಳಗೆ ಕಾಣುವವರೆಗೆ ಏರಿಸಿದೆ. ಒಂದು ಶೀಟಿಗೆ ಮಾಡಿದ್ದನ್ನು ಮೂವತ್ತೆರಡಕ್ಕೂ ಹಚ್ಚಿದೆ. ಮಗ್ಗುಲಲ್ಲೇ ಇನ್ಫೋ ಪ್ಯಾನೆಲ್ ಇತ್ತು. ಪಂಚೆಯ ಮೇಲೆ ಇಲಿ ಇಟ್ಟಿದ್ದರೆ ಕೆಂಪು 246, ಹಸಿರು 245, ನೀಲಿ 244 ಎಂದು ಅದು ಮೊದಲೇ ಹೇಳುತ್ತಿತ್ತು. ಮೂರೂ ಹೆಚ್ಚುಕಡಿಮೆ ಸಮ, ಅಂದರೆ ಬಿಳಿ. ಶಾಮಿಯಾನದ ಹಳದಿಯನ್ನು ನಾನು ಫೋಟೋ ತೆಗೆದ ವಾರದಲ್ಲೇ ಸರಿಪಡಿಸಿಟ್ಟಿದ್ದೆ, ಮರೆತಿದ್ದೆ. ಅಂಕಿಯ ಕಡೆ ನೋಡಲಿಲ್ಲ. ಕಣ್ಣೆದುರೇ ಕಾಣುತ್ತಿರುವಾಗ ಅಂಕಿ ಯಾರು ನೋಡುತ್ತಾರೆ? ಹೆಂಡತಿಯ ಮೊಬೈಲನ್ನೂ ಈ ಸಲ ಯಾರೂ ಕಿತ್ತುಕೊಳ್ಳಲಿಲ್ಲ.

ಶೀಟುಗಳು ಶಿವಮೊಗ್ಗದ ಲ್ಯಾಬಿಗೆ ಹೋದವು. ಆಲ್ಬಂ ತರಲು ಹೋಗಿದ್ದ ನಮ್ಮ ಸ್ಟುಡಿಯೋ ಹುಡುಗ, ಹೇಗೂ ತಡವಾಗಿದೆ, ಮದುಮಗಳ ಮನೆ ದಾರಿಯಲ್ಲೇ ಇದೆ ಎಂದು ನನಗೆ ತೋರಿಸದೆ ಕೊಟ್ಟೇ ಬಂದ. ಶ್ರಾವಣ ಬಂದಿತ್ತು. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನನಗೂ ಕರೆ ಇತ್ತು. ಊಟವಾಗಿ ಜಗಲಿಯಲ್ಲಿ ಕೂತಿದ್ದೇವೆ, ಆಲ್ಬಂ ಮಡಿಲಿಂದ ಮಡಿಲಿಗೆ ಬರುತ್ತಿದೆ. ಮಳೆ ಹೊಳವಾಗಿ, ಅಂಗಳದ ಕಡೆಯಿಂದ ಒಳ್ಳೆಯ ಬೆಳಕು. ಪಕ್ಕದವರು ಪುಟ ತಿರುಗಿಸಿದರು.

ವರನ ಪಂಚೆಗೆ ಅಗಸ ನೀಲಿ ಹೆಚ್ಚು ಹಾಕಿಬಿಟ್ಟಂತಿತ್ತು. ಮಲ್ಲಿಗೆ ದಂಡೆ ಕಾರ್ತಿಕದ ಬೆಳಗಿನ ಮಂಜಿನ ಬಣ್ಣ. ಅರಿಶಿನ ಶಾಸ್ತ್ರದಲ್ಲಿ ಅರಿಶಿನ ಇರಲಿಲ್ಲ. ಹುಡುಗಿಯ ಕೆನ್ನೆಗೆ ಯಾರೋ ಹಳೇ ಗಂಧ ತೇಯ್ದು ಸವರಿದ್ದರು. ಹೋಮದ ಬೆಂಕಿ ಕೂಡ ತಣ್ಣಗಿತ್ತು. ಧಾರೆಯ ಶೀಟು ಬಂತು. ಹಸಿರು ಚೌಕ ಒಂದೂ ಇಲ್ಲ, ಎಲ್ಲ ಸ್ವಚ್ಛ, ಎಲ್ಲರೂ ತುಂಗಾನದಿಯಲ್ಲಿ ಮೂರು ಮುಳುಗು ಹಾಕಿ ಎದ್ದವರ ಹಾಗೆ ನೀಲಿಗಟ್ಟಿದ್ದರು. “ಕ್ಲಿಯರ್ ಬಂದಿದೆ ಮಾರಾಯಾ” ಎಂದು ಯಾರೋ ನನ್ನ ಬೆನ್ನು ತಟ್ಟಿದರು. ಪ್ರಸಾದದ ಸಪಾತ ಗಂಟಲಲ್ಲಿ ಇಳಿಯಲಿಲ್ಲ.

ಸಂಜೆ ಮನೆಗೆ ಬಂದವನೇ ಧಾರೆಯ ಫೋಟೋವನ್ನು, ನಾನು ನೀಲಿ ಏರಿಸುವ ಮೊದಲಿನದನ್ನು, ಫೋಟೋಶಾಪಿನಲ್ಲಿ ತೆರೆದೆ. ಪಂಚೆ ಹಳದಿ. ಅದನ್ನೇ ಪೇಂಟಿನಲ್ಲಿ ತೆರೆದೆ. ಮಕ್ಕಳು ಮನೆ, ಸೂರ್ಯ ಬರೆಯುವ ಆ ಪೇಂಟಿನಲ್ಲಿ. ಪಂಚೆ ಬೆಳ್ಳಗಿತ್ತು. ಒಂದೇ ಮಾನಿಟರು, ಒಂದೇ ಕಾರ್ಡು, ಒಂದೇ ಫೈಲು. ಎರಡು ಕಿಟಕಿ ಪಕ್ಕಪಕ್ಕ, ಒಂದರಲ್ಲಿ ಹಳದಿ, ಒಂದರಲ್ಲಿ ಬಿಳಿ. ಫಾರ್ಮ್ಯಾಟ್ ಆದ ಮೇಲೆ ಮಾನಿಟರಿನ ಜೊತೆಗೆ ಬರುವ ಕಲರ್ ಪ್ರೊಫೈಲ್ ಎಂಬ ಸಣ್ಣ ಫೈಲು ತಾನಾಗಿ ಬಂದು ಕೂತಿತ್ತು. ಈ ಮಾನಿಟರು ಬಣ್ಣವನ್ನು ಹೀಗೆ ಹೀಗೆ ತೋರಿಸುತ್ತದೆ ಎಂದು ಬರೆದುಕೊಟ್ಟ ಜಾತಕ ಅದು. ಜಾತಕವೇ ತಪ್ಪು. ಫೋಟೋಶಾಪು ಶ್ರದ್ಧಾವಂತ, ಜಾತಕ ನೋಡಿ, ಈ ಮಾನಿಟರಿಗೆ ನೀಲಿ ದೋಷ ಇದೆ ಎಂದು ನಂಬಿ, ಶಾಂತಿ ಮಾಡಿಸಿದಂತೆ ಎಲ್ಲಕ್ಕೂ ಹಳದಿ ಬೆರೆಸಿ ತೋರಿಸುತ್ತಿತ್ತು. ಪೇಂಟಿಗೆ ಜಾತಕ ಓದಲು ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸಿತು. ಕಲರ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ಫೈಲು ತೆಗೆದು, ಎಸ್‌ಆರ್‌ಜಿಬಿ ಎಂಬುದನ್ನು ಕೂಡಿಸಿ, ಫೋಟೋಶಾಪ್ ಮುಚ್ಚಿ ತೆರೆದೆ. ಎರಡು ನಿಮಿಷದ ಕೆಲಸ. ಎರಡೂ ಕಿಟಕಿಯ ಪಂಚೆ ಒಂದೇ ಆಯಿತು.

ನನ್ನ ಗುರುಗಳು ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ಗೊತ್ತು. ಅವರ ಡಾರ್ಕ್‌ರೂಮಿನಲ್ಲಿ ನಾನು ಎರಡು ವರ್ಷ ಹೈಪೋ ವಾಸನೆ ಕುಡಿದಿದ್ದೇನೆ. ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆ ಇಟ್ಟು ಮುಖದ ಕುಳಿ ತುಂಬುತ್ತಿದ್ದರು; ನೆಗೆಟಿವಿನಲ್ಲಿ ಕಪ್ಪು ಇಟ್ಟರೆ ಪ್ರಿಂಟಿನಲ್ಲಿ ಬಿಳುಪು. ತಟ್ಟೆಯ ನೀರಿನೊಳಗೆ ಚಿತ್ರ ಮೂಡುವಾಗ ಕೆಂಪು ದೀಪದ ಬೆಳಕಿಗೆ ಅದು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಆಯಿತು ಎಂದು ಹೊಸಬ ಬೇಗ ಎತ್ತಿಬಿಡುತ್ತಾನೆ, ಹೊರಗೆ ನೋಡಿದರೆ ಪೇಲವ. ನಾನು ಎತ್ತಿದ್ದೆ, ಒಂದು ಪ್ಯಾಕೆಟ್ ಪೇಪರು ಹಾಳು ಮಾಡಿದ್ದೆ. ಅವರು ಬೈಯಲಿಲ್ಲ. ಒದ್ದೆ ಪ್ರಿಂಟನ್ನು ನನ್ನ ಕೈಗೆ ಕೊಟ್ಟು “ಹೋಗಿ ಕಟ್ಟೆ ಮೇಲೆ ನಿಂತು ನೋಡ್ಕೊಂಡು ಬಾ” ಎಂದರು. ಪ್ರತಿ ಸಲವೂ ಅಷ್ಟೇ. ಸ್ಟುಡಿಯೋದ ಮುಂದಿನ ಆ ಕಟ್ಟೆಯ ಮೇಲೆ ನೀರು ತೊಟ್ಟಿಕ್ಕುವ ಫೋಟೋ ಹಿಡಿದು ನಿಂತ ನನ್ನನ್ನು ನೋಡಿ ಪೇಟೆಯವರು ನಗುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಕತ್ತಲಕೋಣೆ ಹೋಯಿತು, ಕಟ್ಟೆಯೂ ಹೋಯಿತು. ಎರಡನ್ನೂ ಒಟ್ಟಿಗೆ ಬಿಡಬೇಕು ಎಂದು ಯಾರೂ ಹೇಳಿರಲಿಲ್ಲ. ಮದುವೆಯಲ್ಲಿ ಅಂತರಪಟ ಹಿಡಿದವರು ಮುಹೂರ್ತಕ್ಕೆ ಸರಿಯಾಗಿ ಅದನ್ನು ಸರಿಸುತ್ತಾರೆ. ನಾನು ನನ್ನ ಪರದೆಯನ್ನು ಹದಿನೈದು ವರ್ಷ ಹಿಡಿದೇ ನಿಂತಿದ್ದೆ.

ನನ್ನ ಖರ್ಚಿನಲ್ಲಿ ಮೂವತ್ತೆರಡು ಶೀಟನ್ನೂ ಮತ್ತೆ ಮಾಡಿಸಿದೆ. ಕಳಿಸುವ ಮೊದಲು ಧಾರೆಯದನ್ನು ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಪ್ರಿಂಟ್ ಹಾಕಿ ಅಂಗಳಕ್ಕೆ ತಂದು ನೋಡಿದೆ; ಮಾವನವರು ಜಗಲಿಯಿಂದಲೇ “ಎಂತ, ಮತ್ತೆ ಬಳ್ಳಾರಿಯಾ?” ಎಂದರು. ಹೊಸ ಆಲ್ಬಂ ಹಿಡಿದುಕೊಂಡು ಮದುಮಗಳ ಮನೆಗೆ ಹೋಗಿ, ಮೊದಲಿನದರಲ್ಲಿ ಬಣ್ಣದ ದೋಷ ಆಗಿತ್ತು, ಅದು ನನ್ನದೇ ತಪ್ಪು, ಅದನ್ನು ಕೊಟ್ಟುಬಿಡಿ, ಇದನ್ನು ಇಟ್ಟುಕೊಳ್ಳಿ ಎಂದೆ. ದೋಷ ಎಲ್ಲಿ ಎಂದು ಮನೆಯವರೆಲ್ಲ ಸುತ್ತ ಸೇರಿದರು. ಎರಡನ್ನೂ ಚಾಪೆಯ ಮೇಲೆ ಬಿಡಿಸಿಟ್ಟು ಧಾರೆಯ ಶೀಟು ತೋರಿಸಿದೆ. ಇದರಲ್ಲಿ ನೋಡಿ ಪಂಚೆ ಹೇಗಿದೆ, ಅದರಲ್ಲಿ ಹೇಗಿದೆ.

ಹುಡುಗಿಯ ಅಜ್ಜಿ ಕನ್ನಡಕ ಹಾಕಿಕೊಂಡು ಎರಡರ ಮೇಲೂ ಬಗ್ಗಿದರು. ಆಮೇಲೆ ನೀಲಿಯದನ್ನು ತಮ್ಮ ಕಡೆ ಎಳೆದುಕೊಂಡು, “ಎಂತಕ್ಕೆ ಮಾರಾಯಾ ಮತ್ತೆ ಮಾಡ್ಸಿದೆ? ಇದೇ ಚೊಲೋ ಇದ್ದು. ಕೂಸು ಬೆಳ್ಳಗೆ ಕಾಣ್ತು” ಎಂದರು. ಪಂಚೆಯನ್ನು ಯಾರೂ ನೋಡಲಿಲ್ಲ.

ಹುಡುಗಿ ಹೊಸದನ್ನು ಎತ್ತಿಕೊಂಡು ಅರಿಶಿನದ ಪುಟ ತೆಗೆದು ಕೂತಳು. ನಾನು ಯಾವುದನ್ನು ವಾಪಸ್ಸು ಒಯ್ಯಬೇಕೆಂದು ತಿಳಿಯದೆ ನಿಂತಿದ್ದೆ. ಅವಳ ಅಪ್ಪ ಎರಡನ್ನೂ ತೂಗುವವರ ಹಾಗೆ ನೋಡಿ, ಕಪಾಟಿನ ಬಾಗಿಲು ತೆಗೆದರು. “ಎರಡೂ ಇರಲಿ. ದುಡ್ಡು ಒಂದಕ್ಕೆ ತಾನೆ?”